ಮಧ್ಯಾಹ್ನ ಮೂರರ ಸಂಖ್ಯೆ

“ಬಾಳೇಶ ಅವರ, ಖರೇ ಹೇಳ್ರಿ. ದಿನಾ ಹೊಲಕ್ಕ ಹೋಗಿ ನೋಡತೀರೋ, ಇಲ್ಲಾ ಹಾಸಿಗ್ಯಾಗ ಕುಂತು ಮನಸಿಗೆ ಬಂದ ನಂಬರ್ ಬರೀತೀರೋ?”

ನಾನು ಅವನೊಡನೆ ಆಡಿದ ಮೊಟ್ಟಮೊದಲ ಮಾತು ಇದು. ಹೆಮ್ಮೆಪಡುವಂಥದ್ದೇನಲ್ಲ. ಅದಕ್ಕೂ ಮುಂಚೆ ಎಂಬತ್ತು ದಿನ ನಾವಿಬ್ಬರೂ ಬರೀ ಅಂಕಿಗಳಲ್ಲಿ ಮಾತಾಡಿಕೊಂಡಿದ್ದೆವು. ಒಬ್ಬರ ದನಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಫೋನಿನ ಆ ಕಡೆ ಎಮ್ಮೆಯೊಂದು ಕೂಗಿತು. ಆಮೇಲೆ ಅವಸರವಿಲ್ಲದ ಒಂದು ದನಿ ಕೇಳಿತು.

“ಸೂಜಿ ಎಷ್ಟ ತೋರಿಸೈತೋ ಅಷ್ಟ ಬರದೀನ್ರಿ ಮೇಡಂ. ಒಂದ ಪಾಯಿಂಟ್ ಹೆಚ್ಚಿಲ್ಲ, ಒಂದ ಪಾಯಿಂಟ್ ಕಮ್ಮಿಲ್ಲ.”

“ನವೆಂಬರ್ ತಿಂಗಳಾಗ ಮೂವತ್ತೆಂಟು ಡಿಗ್ರಿ? ನಿಮ್ಮ ಸಿರಸಂಗಿಗೆ ಬ್ಯಾರೆ ಸೂರ್ಯ ಅದಾನೇನು?”

“ಅದ ನನಗೂ ತಿಳೀವಲ್ದುರಿ.”

ಆ ಮಾತಿನಲ್ಲಿ ಎಷ್ಟು ಪ್ರಾಮಾಣಿಕತೆ ಇತ್ತೆಂದರೆ ನನಗೆ ಇನ್ನಷ್ಟು ಸಿಟ್ಟು ಬಂತು. ಸುಳ್ಳು ಬರೆಯುವವರಿಗೆ ಇಷ್ಟು ಚೆಂದದ ದನಿ ಇರಬಾರದು. “ನಾಳೆ ರವಿವಾರ. ನಾನ ಬಂದು ನೋಡತೇನಿ” ಎಂದು ಫೋನ್ ಇಟ್ಟೆ.

ನಾನು ಭಾಗೀರಥಿ. ಊರು ರಾಮದುರ್ಗ, ವಯಸ್ಸು ಇಪ್ಪತ್ತೆಂಟು, ಬಾಯಿ ಸ್ವಲ್ಪ ಜೋರು. ಈ ಮೂರನ್ನೂ ನಮ್ಮವ್ವ ರಾಯವ್ವ ನನ್ನನ್ನು ನೋಡಲು ಬಂದ ವರಗಳಿಗೆಲ್ಲ ಮೊದಲೇ ಹೇಳಿಬಿಡುತ್ತಾಳೆ, ಆಮೇಲೆ ತಕರಾರು ಬೇಡವೆಂದು. ಕೃಷಿ ಓದಿಕೊಂಡು ಸವದತ್ತಿಯಲ್ಲಿ ರೈತರದೇ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಕಡಲೆ ಹೊಲಕ್ಕೆ ಕಾಯಿಕೊರಕ ಹುಳ ಯಾವತ್ತು ಬರುತ್ತದೆಂದು ಮುಂಚಿತವಾಗಿ ಹೇಳುವುದು ನನ್ನ ಕೆಲಸ. ಜ್ಯೋತಿಷ್ಯವಲ್ಲ, ಕೂಡಿಸಿ ಕಳೆಯುವ ಲೆಕ್ಕ.

ಹುಳಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಅದು ಬೆಳೆಯುವುದು ಬಿಸಿಯ ಮೇಲೆ. ಹನ್ನೊಂದು ಡಿಗ್ರಿಗಿಂತ ಕೆಳಗೆ ಕಂಬಳಿ ಹೊದ್ದು ಮಲಗುತ್ತದೆ, ಮೇಲೆ ಎಷ್ಟು ಬಿಸಿ ಸಿಕ್ಕಿತೋ ಅಷ್ಟು ಬೆಳೆಯುತ್ತದೆ. ಹಾಗಾಗಿ ದಿನದ ಅತಿ ಹೆಚ್ಚು ಉಷ್ಣಾಂಶವನ್ನೂ ಅತಿ ಕಡಿಮೆಯನ್ನೂ ಕೂಡಿಸಿ, ಅರ್ಧ ಮಾಡಿ, ಹನ್ನೊಂದು ಕಳೆಯಬೇಕು. ಮೂವತ್ತು ಮತ್ತು ಹದಿನೇಳು ಅನ್ನಿ. ಕೂಡಿದರೆ ನಲವತ್ತೇಳು, ಅರ್ಧ ಇಪ್ಪತ್ಮೂರೂವರೆ, ಹನ್ನೊಂದು ಕಳೆದರೆ ಹನ್ನೆರಡೂವರೆ. ಆ ದಿನ ಹುಳದ ಜೋಳಿಗೆಗೆ ಬಿದ್ದದ್ದು ಅಷ್ಟು. ಹೊಲದ ಬಲೆಗೆ ಮೊದಲ ಪತಂಗಗಳು ಬಿದ್ದ ದಿನದಿಂದ ಹೀಗೆ ಕೂಡಿಸುತ್ತ ಹೋಗಿ ನಾನೂರ ಎಂಬತ್ತರ ಹತ್ತಿರ ಬಂದಿತೋ, ಅವುಗಳ ಮಕ್ಕಳು ಪತಂಗವಾಗಿ ಏಳುತ್ತವೆ. ಅದಾಗಿ ನಾಲ್ಕೈದು ದಿನಕ್ಕೆ ಎಣ್ಣೆ ಹೊಡೆದರೆ ಮರಿಹುಳ ಒಂದೇ ಏಟಿಗೆ ಹೋಯಿತು. ನಮ್ಮ ಕಡೆ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ಹತ್ತು ದಿನ ಮುಂಚೆ ಹೊಡೆದರೆ ಗಾಳಿಗೆ ಹೊಡೆದಂತೆ.

ಇದಕ್ಕಾಗಿ ಒಂಬತ್ತು ಊರುಗಳ ಹೊಲದಲ್ಲಿ ಒಂದೊಂದು ಬಿಳಿ ಪೆಟ್ಟಿಗೆ ನಿಲ್ಲಿಸಿದ್ದೆವು. ನಾಲ್ಕು ಕಾಲು, ಸುತ್ತ ಗಾಳಿಯಾಡುವ ಹಲಗೆಪಟ್ಟಿ, ಮೇಲೆ ಇಳಿಜಾರು ಮಾಡು, ಮುಂದೆ ಎರಡು ಪುಟ್ಟ ಬಾಗಿಲು. ಒಳಗೆ ಉಷ್ಣಮಾಪಕ. ಒಂದು ದಿನದಲ್ಲಿ ಬಿಸಿ ಎಷ್ಟು ಏರಿತ್ತು, ಎಷ್ಟು ಇಳಿದಿತ್ತು ಎಂಬುದನ್ನು ಅದರ ಎರಡು ಸೂಜಿಗಳು ಹಿಡಿದಿಟ್ಟುಕೊಂಡಿರುತ್ತವೆ. ಊರಿಗೊಬ್ಬರು ಬೆಳಿಗ್ಗೆ ಎಂಟಕ್ಕೆ ನೋಡಿ, ನನಗೆ ವಾಟ್ಸಾಪ್ ಮಾಡಿ, ಸೂಜಿಗಳನ್ನು ಮತ್ತೆ ಸರಿಸಿ ಬರಬೇಕು. ಬಾಗಿಲಿಗೆ ನಾನೇ ಬರೆದು ಅಂಟಿಸಿದ ಚೀಟಿ ಇತ್ತು: “ಕಂಡದ್ದನ್ನು ಬರೆಯಿರಿ. ನಿಮ್ಮ ತಲೆ ಓಡಿಸಬೇಡಿ.”

ಸಿರಸಂಗಿಯ ಪೆಟ್ಟಿಗೆ ಬಾಳೇಶನ ಹೊಲದಲ್ಲಿತ್ತು. ತರಬೇತಿಯ ದಿನ ಅವನ ಎಮ್ಮೆ ಈದಿತ್ತಂತೆ, ಅವನು ಬಂದಿರಲಿಲ್ಲ. ಆದರೂ ಉಳಿದ ಎಂಟು ಜನ ಮರೆತ ದಿನವೂ ಅವನದು ಮಾತ್ರ ಎಂಟಕ್ಕೆ ಸರಿಯಾಗಿ ಬರುತ್ತಿತ್ತು. “31.5, 20.0. ನಮಸ್ಕಾರ.” ಸೆಪ್ಟೆಂಬರಿನಲ್ಲಿ ಒಂದು ಸಾಲು ಹೆಚ್ಚಾಯಿತು. “ಇವತ್ತ ಮೋಡ ಐತ್ರಿ. ನಮಸ್ಕಾರ.” ಇನ್ನೊಂದು ದಿನ, “ಪೆಟ್ಟಿಗಿ ಮ್ಯಾಲೆ ಗುಬ್ಬಿ ಕುಂತಿತ್ತು. ಎಬ್ಬಿಸಲಿಲ್ರಿ. ನಮಸ್ಕಾರ.” ನಾನು ಎಲ್ಲದಕ್ಕೂ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ. ಆಫೀಸಿನ ಗತ್ತು ಎಂಬುದೊಂದು ಇರುತ್ತದಲ್ಲ. ಏಳೂ ಐವತ್ತೈದಕ್ಕೇ ಫೋನ್ ಹಿಡಿದು, ಎದುರಿನ ಚಹಾ ಆರಿಸಿಕೊಂಡು ಕೂರುತ್ತಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ತಪ್ಪಾದದ್ದೂ ಇದರಿಂದಲೇ. ದೀಪಾವಳಿ ಪಾಡ್ಯದ ಮರುದಿನದಿಂದ ಅವನ ಮೊದಲ ಅಂಕಿ ಒಮ್ಮೆಲೇ ಮೇಲೆ ಹಾರಿತು. 37. 38.5. 38. ಅದೇ ದಿನಗಳಲ್ಲಿ ಮುನವಳ್ಳಿಯದು ಮೂವತ್ತು. ಬೇರೆ ಯಾರದೇ ಆಗಿದ್ದರೆ ಮೂರನೆಯ ದಿನಕ್ಕೇ ಫೋನ್ ಮಾಡಿ ಗದರಿಸುತ್ತಿದ್ದೆ. ಬಾಳೇಶ ತಪ್ಪು ಬರೆಯುವವನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಆ ಅಂಕಿಗಳನ್ನೇ ಕೂಡಿಸಿ, ಸಿರಸಂಗಿಯ ಇನ್ನೂರು ರೈತರಿಗೆ “ಪತಂಗ ನವೆಂಬರ್ 26ಕ್ಕೆ” ಎಂದು ಸಂದೇಶ ಕಳಿಸಿಬಿಟ್ಟೆ. ಉಳಿದ ಎಂಟೂ ಊರುಗಳಿಗೆ ಲೆಕ್ಕದಲ್ಲಿ ಬಂದದ್ದು ಡಿಸೆಂಬರ್ ಮೊದಲ ವಾರ.

ನಮ್ಮ ಮುಖ್ಯಸ್ಥರಾದ ಸಿದ್ಧಾರೂಢ ಸರ್ ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು.

“ಭಾಗೀರಥಿ, ಇದು ಮೊದಲನೇ ವರ್ಷ. ಒಂದ ಊರಾಗ ತಪ್ಪಿದರೂ ಮಂದಿ ಮುಂದ ನಂಬಾಂಗಿಲ್ಲ. ಪೆಟ್ಟಿಗಿ ಎಲ್ಲಾ ಗೋದಾಮಿಗೆ ಹೊಕ್ಕಾವು. ನಿನ್ನ ಕೆಲಸಾನೂ ಅದರ ಜೋಡಿನ ಹೋಗತೈತಿ.”

ಆ ಸಿಟ್ಟನ್ನೇ ನಾನು ಬಾಳೇಶನ ಮೇಲೆ ತೀರಿಸಿಕೊಂಡದ್ದು.

*

ರವಿವಾರ ಬೆಳಿಗ್ಗೆ ಸ್ಕೂಟಿ ಹತ್ತಿದೆ. ಎರಡೂ ಕಡೆ ಎರೆಹೊಲ, ಗೇಣುದ್ದ ಎದ್ದ ಕಡಲೆ. ದಾರಿಯುದ್ದಕ್ಕೂ ಬೈಗುಳ ತಯಾರು ಮಾಡಿಕೊಂಡೆ. ಸಿರಸಂಗಿ ಬರುವಷ್ಟರಲ್ಲಿ ಒಳ್ಳೆಯ ನಾಲ್ಕು ಸಿದ್ಧವಾಗಿದ್ದವು.

ಹೊಲದ ಬದುವಿನ ಮೇಲೆ ಅವನು ನಿಂತಿದ್ದ. ಉದ್ದ ಆಳು. ಇಸ್ತ್ರಿಯ ನೀಲಿ ಶರ್ಟು, ಹೆಗಲ ಮೇಲೆ ಟವೆಲ್ಲು. ಹೊಲಕ್ಕೆ ಯಾರೂ ಇಸ್ತ್ರಿಯ ಶರ್ಟು ಹಾಕುವುದಿಲ್ಲ. ಅದು ನನಗಾಗಿ ಎಂದು ಹೊಳೆದದ್ದೇ ನಾಲ್ಕರಲ್ಲಿ ಎರಡು ಬೈಗುಳ ಮರೆತುಹೋದವು.

“ಬರ್ರಿ ಮೇಡಂ. ಮೊದಲ ಚಹಾ ಕುಡೀರಿ.”

“ಮೊದಲ ಪೆಟ್ಟಿಗಿ.”

ಬಾಗಿಲು ತೆಗೆದೆ. ಆಫೀಸಿನಿಂದ ತಂದ ಇನ್ನೊಂದು ಉಷ್ಣಮಾಪಕವನ್ನು ಪಕ್ಕಕ್ಕಿಟ್ಟು ಅರ್ಧ ಗಂಟೆ ಕಾದೆ. ಎರಡೂ ಒಂದೇ ಹೇಳಿದವು. ಸೂಜಿ ಅಂಟಿರಲಿಲ್ಲ. ಪೆಟ್ಟಿಗೆಯ ಬಿಳಿ ಬಣ್ಣ ಬಿಟ್ಟಿರಲಿಲ್ಲ. ಅವನು ಕೈಕಟ್ಟಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ನಿಂತವನ ಹಾಗೆ ನಿಂತಿದ್ದ. ನಾನು ಒಮ್ಮೆ ಓರೆಗಣ್ಣಿನಲ್ಲಿ ನೋಡಿದೆ. ಅವನೂ ಅದನ್ನೇ ಮಾಡುತ್ತಿದ್ದ. ಇಬ್ಬರೂ ಕೂಡಲೇ ಕಡಲೆ ನೋಡಿದೆವು.

ದೇವರು ನನಗೆ ಎತ್ತರ ಕೊಡುವಾಗ ಕೈ ಬಿಗಿಹಿಡಿದಿದ್ದ. ಅದು ಆವತ್ತು ಉಪಯೋಗಕ್ಕೆ ಬಂತು. ತಲೆ ತೂರಿಸಿ ಮೇಲೆ ನೋಡಿದರೆ ಮಾಡಿನ ಒಳಮೈಯಲ್ಲಿ ರೊಟ್ಟಿಯಗಲದ ಒಂದು ಕರಿ ಕಲೆ. ಎತ್ತರದವನು ಮೇಲಿನಿಂದ ಬಗ್ಗಿ ಸೂಜಿ ನೋಡುತ್ತಾನೆ, ತಲೆಯ ಮೇಲೇನಿದೆ ಎಂದು ನೋಡುವುದಿಲ್ಲ.

“ಇಲ್ಲಿ ಬಗ್ಗಿ ನೋಡ್ರಿ ಸ್ವಲ್ಪ.”

ಅವನು ಬಗ್ಗಿದ. ಅಷ್ಟು ಸಣ್ಣ ಮಾಡಿನ ಕೆಳಗೆ ಎರಡು ತಲೆ. ಸೋಪಿನ ವಾಸನೆ, ಒಣಮೇವಿನ ವಾಸನೆ. ಅವನು ಬೆರಳಿನಿಂದ ಮೇಲೆ ಒರೆಸಿದ, ಬೆರಳು ಕರ‍್ರಗಾಯಿತು.

“ಇದು ಮಸಿ ಐತಲ್ರಿ!”

“ದೀಪದ ಮಸಿ. ಈ ಪೆಟ್ಟಿಗ್ಯಾಗ ದೀಪಾ ಹಚ್ಚಾವ್ರು ಯಾರು?”

“ನಾನ, ಯವ್ವಾ.”

ತಿರುಗಿದೆವು. ಬುಟ್ಟಿ ಹಿಡಿದ ಒಬ್ಬ ಮುದುಕಿ, ಹಣೆತುಂಬ ಕುಂಕುಮ, ಬಾಯಿತುಂಬ ನಗು. ಬಾಳೇಶನ ಆಯಿ, ಮರೆವ್ವ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಜ್ಜಿ.

“ಕಾರ್ತಿಕ ಹುಟ್ಟಿದಾಗಿಂದ ಹಚ್ಚಾಕ ಹತ್ತೀನಿ. ಹೊತ್ತ ಮುಣುಗಿದ ಕೂಡ್ಲೆ ಒಂದ ಹಣತಿ. ಒಂದ ತಾಸಿನ ಮ್ಯಾಲೆ ತಗೊಂಡ ಹೋಗತೇನಿ, ಹಲಗಿ ಸುಟ್ಟೀತು ಅಂತ. ಇದರಾಗ ದೀಪಾ ಗಾಳಿಗೆ ಆರಾಂಗಿಲ್ಲ ನೋಡು. ಭಾಳ ಚಲೋ ಗುಡಿ ಕಟ್ಟೀರಿ ನೀವು.”

“ಆಯಿ, ಇದು ಗುಡಿ ಅಲ್ಲಬೇ!” ಬಾಳೇಶ ತಲೆ ಹಿಡಿದುಕೊಂಡ. ಆ ಹೊತ್ತಿಗೆ ಅವನು ದಿನಾ ಡೇರಿಗೆ ಹಾಲು ಹಾಕಲು ಹೋಗಿರುತ್ತಿದ್ದ, ಅವನಿಗೆ ಗೊತ್ತಾಗುವುದು ಹೇಗೆ?

“ಗುಡಿ ಅಲ್ದ ಏನು? ಊರಾಗ ಕಾಳಮ್ಮ ಅದಾಳ, ಎಲ್ಲೆಲ್ಲಿಂದೋ ಮಂದಿ ಬರತಾರ, ಇವಗ ಅಲ್ಲಿಗೆ ಹೋಗಾಕ ಹೊತ್ತಿಲ್ಲ. ಇಲ್ಲಿ ಮಾತ್ರ ದಿನಾ ಎಂಟಕ್ಕ ಜಳಕಾ ಮಾಡಿ ಬಂದು ನಿಂದ್ರತಾನ. ಬಾಗಲಾ ತಗೀತಾನ, ತಲಿ ಬಗ್ಗಸತಾನ, ಏನೋ ಗುಣುಗುಣು ಅಂತಾನ, ಬಾಗಲಾ ಮುಚ್ಚತಾನ. ಆಮ್ಯಾಲೆ ಫೋನ್ ಹಿಡಕೊಂಡು ಒಬ್ಬನ ನಗತಾನ. ಇವನ್ನ ನಗಸೂ ದೇವರು ಸತ್ಯುಳ್ಳದ್ದ ಇರಬೇಕು ಅಂತ ನಾನೂ ಒಂದ ದೀಪಾ ಇಟ್ಟೆ.”

“ಒಬ್ಬರ ನಗತಾರೇನು?” ಎಂದು ನಾನು ಕೇಳಿದ್ದು ಆಯಿಯನ್ನು, ನೋಡಿದ್ದು ಅವನನ್ನು. ಅವನ ಕಿವಿ ಕೆಂಪಗಾಗಿತ್ತು.

ಸಂಜೆಯ ಹಣತೆ ಪೆಟ್ಟಿಗೆಯನ್ನು ಕಾಯಿಸುತ್ತದೆ, ಸೂಜಿ ಮೂವತ್ತೆಂಟಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಬೆಳಿಗ್ಗೆ ಅವನು ಅದನ್ನೇ ಬರೆಯುತ್ತಾನೆ. ಹುಳಕ್ಕೆ ಆ ಬಿಸಿ ಸಿಕ್ಕೇ ಇಲ್ಲ, ನನ್ನ ಲೆಕ್ಕಕ್ಕೆ ಮಾತ್ರ ಸಿಕ್ಕಿದೆ. ಇದನ್ನೆಲ್ಲ ಬಿಡಿಸಿ ಹೇಳಿದಾಗ ಆಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯ ನನ್ನ ಶಿವನ! ಹಂಗಾರ ನಿನ್ನ ಲೆಕ್ಕಾ ನಾ ಸುಟ್ಟೆನೇನು? ಆದರ ತಂಗಿ, ಅಮಾಸಿ ಮಟಾ ಹಚ್ಚತೇನಿ ಅಂತ ಬೇಡಕೊಂಡೀನಿ. ಹಿಡದ ದೀಪಾ ನಡುವ ಬಿಡಬಾರದು.”

ಬದುವಿನ ಬೇವಿನ ಮರದ ಕೆಳಗೆ ಒಂದು ಒಡೆದ ಗಡಿಗೆಯನ್ನು ಅಡ್ಡ ಮಲಗಿಸಿ, ದೀಪಕ್ಕೆ ಅದೇ ಗೂಡು ಎಂದು ತೀರ್ಮಾನವಾಯಿತು. ಪೆಟ್ಟಿಗೆಯಿಂದ ನಲವತ್ತು ಹೆಜ್ಜೆ ದೂರ, ನಾನೇ ಅಳೆದೆ. ಆಯಿ ಒಪ್ಪಿದಳು, ಒಂದು ಶರತ್ತಿನ ಮೇಲೆ. ಗುಡಿ ಬದಲಿಸಿದವಳೇ ಕಡೆಯ ದಿನ ಬಂದು ದೀಪ ಹಚ್ಚಬೇಕು.

*

ದೀಪದ ಗುಟ್ಟು ಸಿಕ್ಕಿತು, ದಿನಗಳು ಸಿಗಲಿಲ್ಲ. ಹತ್ತೊಂಬತ್ತು ದಿನಗಳ ನಿಜವಾದ ಉಷ್ಣಾಂಶ ದೀಪದ ಎಣ್ಣೆಯ ಜೊತೆ ಉರಿದುಹೋಗಿತ್ತು. ಮುನವಳ್ಳಿಯ ಅಂಕಿ ಸಾಲ ತರಬಹುದಿತ್ತು, ಆದರೆ ಒಂದು ಊರಿನ ಬಿಸಿ ಇನ್ನೊಂದು ಊರಿಗೆ ಹೊಂದುವಂತಿದ್ದರೆ ಒಂಬತ್ತು ಪೆಟ್ಟಿಗೆ ಯಾಕೆ ಬೇಕಿತ್ತು? ಬೇವಿನ ಬೇರಿನ ಮೇಲೆ ಕುಸಿದು ಕುಳಿತೆ. ಕೆಲಸ ಹೋಗುವುದು ಒಂದು ಕಡೆ, ಇನ್ನೂರು ಮಂದಿ ನನ್ನ ಮಾತು ಕೇಳಿ ಖಾಲಿ ಹೊಲಕ್ಕೆ ಎಣ್ಣೆ ಹೊಡೆಯುವುದು ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಸುಡುತ್ತಿತ್ತು.

ಬಾಳೇಶ ಮನೆಯ ಕಡೆ ನಡೆದ. ಚಹಾ ತರುತ್ತಾನೆಂದುಕೊಂಡೆ. ತಂದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್.

“ಇದು ಉಪಯೋಗಕ್ಕ ಬರತೈತೇನ ನೋಡ್ರಿ. ದಿನಾ ಮಧ್ಯಾಹ್ನ ಮೂರಕ್ಕೂ ಒಮ್ಮೆ ನೋಡಿ ಬರದೀನಿ. ಆವಾಗ ಬಿಸಲು ಭಾಳ ಇರತೈತಿ. ದೀಪಾ ಹಚ್ಚಿರಾಂಗಿಲ್ಲ.”

ತೆರೆದೆ. ಆಗಸ್ಟ್ ಕಡೆಯ ವಾರದಿಂದ ನಿನ್ನೆಯವರೆಗೆ ಒಂದು ದಿನವೂ ತಪ್ಪಿಲ್ಲ. ತಾರೀಖು, ಅಂಕಿ. ಕಾರ್ತಿಕದ ಎಲ್ಲ ಮಧ್ಯಾಹ್ನಗಳೂ ಅಲ್ಲಿ ತಣ್ಣಗೆ ಕುಳಿತಿದ್ದವು. 30.0. 29.5. 30.5. ಅಳು ಬರುವಷ್ಟು ಸಂತೋಷವಾಯಿತು.

“ಇದನ್ನ ಬರೀರಿ ಅಂತ ಯಾರು ಹೇಳಿದ್ದರು?”

“ಯಾರೂ ಇಲ್ರಿ.”

“ಮತ್ಯಾಕ ಬರದ್ರಿ?”

ಅವನು ಬದುವಿನಾಚೆ ಮೇಯುತ್ತಿದ್ದ ಎಮ್ಮೆಯ ಕಡೆ ನೋಡಿದ. ಎಮ್ಮೆ ಸಹಾಯಕ್ಕೆ ಬರಲಿಲ್ಲ.

“ದಿನಕ್ಕ ಒಂದ ಸಲ ನಿಮಗ ಬರಿಯೂದು ಕಮ್ಮಿ ಅನಸ್ತಿತ್ರಿ. ಎರಡನೇ ಸಲಕ್ಕ ಒಂದ ನೆಪಾ ಬೇಕಲ್ರಿ. ನಂಬರ್ ಬರದು ಇಟ್ಟೆ. ಕಳಸೂ ಧೈರ್ಯ ಆಗಲಿಲ್ಲ.”

ಆಗ ನೋಡಿದೆ. ಪ್ರತಿ ಅಂಕಿಯ ಪಕ್ಕದಲ್ಲೂ ಪೆನ್ನಿನಿಂದ ಗೀಟು ಹೊಡೆದ ಸಣ್ಣಕ್ಷರದ ಒಂದು ಸಾಲು. “ಊಟ ಆತೇನ್ರಿ?” ಮರುದಿನವೂ “ಊಟ ಆತೇನ್ರಿ?” ಮತ್ತೆ ಗೀಟು. ಪುಟ ತಿರುವಿದರೂ ಅದೇ ಪ್ರಶ್ನೆ, ಅದೇ ಗೀಟು. ಎಪ್ಪತ್ತು ಮಧ್ಯಾಹ್ನ ಒಬ್ಬ ಮನುಷ್ಯ ನನ್ನ ಊಟ ವಿಚಾರಿಸಿ, ಹೆದರಿ, ಅಳಿಸಿದ್ದ. ಆ ಎಪ್ಪತ್ತು ಮಧ್ಯಾಹ್ನವೂ ನಾನು ಸವದತ್ತಿಯ ಆಫೀಸಿನಲ್ಲಿ ಡಬ್ಬಿ ತೆರೆದು ಒಬ್ಬಳೇ ಉಂಡಿದ್ದೆ. ನನ್ನ ಎದೆಯಲ್ಲಿ ಏನಾಯಿತೆಂದು ಅಳೆಯುವ ಸೂಜಿ ನಮ್ಮ ಆಫೀಸಿನಲ್ಲಿಲ್ಲ.

ಕಾರ್ತಿಕದ ಪುಟಗಳಲ್ಲಿ ಇನ್ನೊಂದು ಸಾಲೂ ಇತ್ತು. “ಮುಂಜಾನೆ ಸೂಜಿ 38 ಅಂತೈತಿ. ಯಾಕೋ?”

“ಇಷ್ಟ ಗೊತ್ತಿದ್ದು ನನಗ ಯಾಕ ಹೇಳಲಿಲ್ಲ?” ಎಂದು ದಬಾಯಿಸಿದೆ.

ಅವನು ಪೆಟ್ಟಿಗೆಯ ಬಾಗಿಲ ಕಡೆ ಬೆರಳು ತೋರಿಸಿದ. “ತಲಿ ಓಡಸಬ್ಯಾಡ್ರಿ ಅಂತ ನೀವ ಬರದೀರಲ್ರಿ.”

ನಾನು ನಕ್ಕೆ. ಅವನೂ ನಕ್ಕ. ಆಯಿ ಬದುವಿನ ಮೇಲಿಂದ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿ, ಏನೂ ತಿಳಿಯದವಳ ಹಾಗೆ ಕಡಲೆಯ ಎಳೆಕುಡಿ ಚಿವುಟತೊಡಗಿದಳು. ಅವನು ಅಂಕಿ ಓದಿದ, ನಾನು ಕೂಡಿಸಿದೆ. ಮಧ್ಯೆ ಒಮ್ಮೆ ತಪ್ಪಿ “ಊಟ ಆತೇನ್ರಿ” ಎಂಬುದನ್ನೂ ಓದಿಬಿಟ್ಟ. ನಾನು ಕೇಳಿಸಿದರೂ ಕೇಳಿಸದವಳಂತೆ ಕೂಡಿಸುತ್ತಲೇ ಹೋದೆ. ಉತ್ತರ ಬಂತು: ಡಿಸೆಂಬರ್ ಐದು.

*

ಮರುದಿನ ಸಂಜೆ ಸಿರಸಂಗಿಯ ರೈತರನ್ನು ಸೇರಿಸಿ, ಎದ್ದು ನಿಂತು ಹೇಳಿದೆ. “ಇಪ್ಪತ್ತಾರು ಅಂದಿದ್ದು ತಪ್ಪು. ನಂಬರ್ ಏರಿದ್ದು ಕಂಡಿದ್ದರೂ ನಾ ಪರೀಕ್ಷಾ ಮಾಡಲಿಲ್ಲ. ತಪ್ಪು ನಂದು. ಪತಂಗ ಐದನೇ ತಾರೀಕಿಗೆ ಬರತಾವು, ಅಲ್ಲಿ ಮಟಾ ಎಣ್ಣಿ ಹೊಡೀಬ್ಯಾಡ್ರಿ.” ಯಾರ ಹೆಸರನ್ನೂ ಎತ್ತಲಿಲ್ಲ.

ಹಿರಿಯರಾದ ಅಮೋಘಸಿದ್ದಪ್ಪನವರು ಮೀಸೆ ತೀಡಿದರು. “ಮೊದಲ ಇಪ್ಪತ್ತಾರು ಅಂದಿ, ಈಗ ಐದು ಅಂತಿ. ನಾಳೆ ಸಂಕ್ರಮಣಕ್ಕ ಅಂತೀಯೇನು? ನಾ ಅಂತೂ ಇಪ್ಪತ್ತಾರಕ್ಕ ಹೊಡ್ಯಾಂವನ.”

“ಸಿದ್ದಪ್ಪಾ, ಪೆಟ್ಟಿಗ್ಯಾಗ ದೀಪಾ ಹಚ್ಚಿದಾಕಿ ನಾನು!” ಹಿಂದಿನಿಂದ ಆಯಿಯ ದನಿ. “ಬೈಯೂದಿದ್ದರ ನನಗ ಬೈ. ಆ ಹುಡುಗಿಗೆ ಅನಬ್ಯಾಡ.” ಸಭೆಯಲ್ಲಿ ನಗೆ ಎದ್ದಿತು. ನಗೆ ಒಳ್ಳೆಯದೇ, ಆದರೆ ನಗುವವರೆಲ್ಲ ನಂಬುವುದಿಲ್ಲ.

ಆಗ ಬಾಳೇಶ ಎದ್ದ. ಅಷ್ಟು ಜನರೆದುರು ಮಾತಾಡಿ ಅಭ್ಯಾಸವಿಲ್ಲದವನು, ಟವೆಲ್ಲು ಹಿಂಡುತ್ತ ನಿಂತ. “ನನ್ನ ನಾಕ ಎಕರೆ ಕಡ್ಲಿಗೆ ಇವರು ಹೇಳೂ ತನಕಾ ಎಣ್ಣಿ ಮುಟ್ಟಸಾಂಗಿಲ್ಲ. ಹುಳಾ ಮೊದಲ ಬಂದರ ನನ್ನ ಹೊಲಾ ತಿಂದು ಹೋಗಲಿ. ಅಷ್ಟ.”

ಅಷ್ಟೇ ಹೇಳಿ ಕುಳಿತ. ಒಂದು ವರ್ಷದ ಬೆಳೆಯನ್ನು ನನ್ನ ಮಾತಿನ ಮೇಲೆ ಇಟ್ಟಿದ್ದ. ಮುಕ್ಕಾಲು ಊರು ಕಾಯಲು ಒಪ್ಪಿತು. ನನಗೆ ಸಮಾಧಾನಕ್ಕಿಂತ ಭಯವೇ ಹೆಚ್ಚಾಯಿತು. ಮೊದಲು ಕಳೆದುಕೊಳ್ಳುವುದಿದ್ದದ್ದು ನನ್ನ ಕೆಲಸ ಮಾತ್ರ, ಈಗ ಅವನ ಕಡಲೆಯೂ ಸೇರಿತು.

*

ಕಾರ್ತಿಕ ಅಮಾವಾಸ್ಯೆಯ ಸಂಜೆ ಶರತ್ತಿನಂತೆ ಹೋದೆ. ಹೊತ್ತು ಆಗಷ್ಟೇ ಮುಳುಗಿತ್ತು. ಆಯಿ ಬತ್ತಿ ಹೊಸೆದು ಕೊಟ್ಟಳು, ಬಾಳೇಶ ಕಡ್ಡಿಪೆಟ್ಟಿಗೆ ಕೊಟ್ಟ. ಡೇರಿಗೆ ಆವತ್ತು ಪಕ್ಕದ ಮನೆಯವರ ಕೈಯಲ್ಲಿ ಹಾಲು ಕಳಿಸಿದ್ದನಂತೆ. ಮೊದಲ ಎರಡು ಕಡ್ಡಿ ಗಾಳಿಗೆ ಆರಿದವು. ಮೂರನೆಯದಕ್ಕೆ ಅವನು ಎರಡೂ ಅಂಗೈ ಅಡ್ಡ ಹಿಡಿದ. ಅವನ ಕೈಗಳ ನಡುವೆ ನನ್ನ ಕೈ, ನನ್ನ ಕೈಯಲ್ಲಿ ಬೆಂಕಿ. ದೀಪ ಹತ್ತಿದ ಮೇಲೂ ನಾವಿಬ್ಬರೂ ಕೈ ತೆಗೆಯಲು ಸ್ವಲ್ಪ ತಡ ಮಾಡಿದೆವು.

“ಏನ ಬೇಡಕೊಂಡಿದ್ರಿ ಆಯಿ? ಈಗರ ಹೇಳ್ರಿ” ಎಂದೆ.

“ಮುಗೀತಲ್ಲ, ಹೇಳಬಹುದು. ಇವನ ಫೋನಿನ್ಯಾಗ ಯಾರ ಕುಂತು ನಗಸತಾರೋ, ಅವರು ಒಮ್ಮೆ ಈ ಹೊಲಕ್ಕ ಬರಲಿ ಅಂತ.” ಆಯಿ ಸೆರಗಿನಿಂದ ಕೈ ಒರೆಸಿಕೊಂಡಳು. “ಹತ್ತೊಂಬತ್ತ ದಿನಕ್ಕ ಬಂದಿ. ಬಂದಾಗ ಬೈಕೋತನ ಬಂದಿ, ಅದು ಬ್ಯಾರೆ ಮಾತು.”

ಅವಳು ಬುಟ್ಟಿಯೆತ್ತಿಕೊಂಡು ಮನೆಯ ಕಡೆ ಹೊರಟುಹೋದಳು. ಹತ್ತಿರದಲ್ಲಿ ಪತಂಗದ ಬಲೆ ತೂಗಾಡುತ್ತಿತ್ತು. ಏನಾದರೂ ಮಾತಾಡಬೇಕಲ್ಲ ಎಂದು ಅವನು ಅದನ್ನೇ ಹಿಡಿದುಕೊಂಡ.

“ಇದರಾಗ ಪತಂಗ ಹೆಂಗ ಬೀಳತಾವ್ರಿ?”

“ಒಳಗ ಹೆಣ್ಣು ಪತಂಗದ ವಾಸನಿ ಇಟ್ಟಿರತಾರ. ಹೆಣ್ಣು ಐತಿ ಅಂತ ತಿಳಕೊಂಡು ಗಂಡು ಬಂದು ಬೀಳತಾವು.”

“ಬರೇ ವಾಸನಿಗೆ?”

“ಬರೇ ವಾಸನಿಗೆ.”

ಅವನು ಬಲೆಯ ಚೀಲವನ್ನು ತಿರುಗಿಸಿ ನೋಡಿದ. “ನಾ ಬರೇ ಹೆಬ್ಬಟ್ಟಿಗೆ ಬಿದ್ದೆ” ಎಂದ. ನಾನು ದಿನಾ ಕಳಿಸುತ್ತಿದ್ದ ಆ ಹೆಬ್ಬೆರಳು! ಗತ್ತಿಗೆಂದು ಒತ್ತಿದ್ದು ಹೀಗೆ ಕೆಲಸ ಮಾಡಿತ್ತೆಂದು ನನಗೇನು ಗೊತ್ತು?

*

ನವೆಂಬರ್ ಇಪ್ಪತ್ತಾರು ಬಂತು. ಅಮೋಘಸಿದ್ದಪ್ಪನವರು ಹೇಳಿದಂತೆ ಎಣ್ಣೆ ಹೊಡೆಸಿದರು. ಬಾಳೇಶನ ಸಂದೇಶ: “30.0, 16.5. ಬಲ್ಯಾಗ ಒಂದೂ ಇಲ್ರಿ. ನಮಸ್ಕಾರ.” ಇಪ್ಪತ್ತೆಂಟಕ್ಕೂ ಇಲ್ಲ. ಡಿಸೆಂಬರ್ ಎರಡಕ್ಕೂ ಇಲ್ಲ. ಮೂರಕ್ಕೂ ಇಲ್ಲ. ಕಡಲೆ ಹೂವಾಗಿ ಕಾಯಿ ಕಟ್ಟತೊಡಗಿತ್ತು, ಹುಳ ಬಂದರೆ ತಿನ್ನಲು ಎಲ್ಲವೂ ಸಿದ್ಧ. ನಾಲ್ಕಕ್ಕೆ ಒಂದೇ ಒಂದು ಬಿದ್ದಿತ್ತು. ಒಂದು ಪತಂಗ ಯಾವ ಸಾಕ್ಷಿಯೂ ಅಲ್ಲ. ಸಿದ್ಧಾರೂಢ ಸರ್ ನನ್ನ ಮೇಜಿನ ಮುಂದೆ ಹಾದುಹೋಗುವಾಗಲೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಐದನೆಯ ತಾರೀಖು ಎಂಟಾಗುವವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಬೆಳಕು ಹರಿಯುತ್ತಲೇ ಸ್ಕೂಟಿ ಹತ್ತಿದೆ. ಏಳೂವರೆಗೆ ಹೊಲ ಮುಟ್ಟಿದಾಗ ಬಾಳೇಶ ಬಲೆಯ ಮುಂದೆ ನಿಂತಿದ್ದ, ಬೆನ್ನು ನನ್ನ ಕಡೆ. ಆ ಬೆನ್ನು ನೋಡಿ ಏನೂ ತಿಳಿಯಲಿಲ್ಲ.

“ಎಷ್ಟ?” ಎಂದು ದೂರದಿಂದಲೇ ಕೂಗಿದೆ.

ಅವನು ತಿರುಗಿ ಬಲೆಯ ಚೀಲ ಎತ್ತಿ ಹಿಡಿದ. “ನೀವ ಬಂದು ಎಣಸ್ರಿ. ಕಂಡದ್ದ ಬರೀಬೇಕು, ತಲಿ ಓಡಸಬಾರದು.”

ಇಬ್ಬನಿಯಲ್ಲಿ ಕಾಲು ತೋಯಿಸಿಕೊಂಡು ಓಡಿದೆ. ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಹೊಲದ ಆ ತುದಿಯ ಬಲೆಯಲ್ಲಿ ಒಂಬತ್ತು. ನಾನು ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮುಂಚೆಯೇ ಅವನ ಎರಡೂ ಕೈ ಹಿಡಿದುಕೊಂಡು ಕುಣಿದಿದ್ದೆ. ಹುಳ ಬಂತೆಂದು ಇಷ್ಟು ಸಂತೋಷಪಟ್ಟ ಹೆಂಗಸು ಆ ಸೀಮೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

“ಒಂಬತ್ತನೇ ತಾರೀಕಿಗೆ ಎಣ್ಣಿ ಹೊಡೀರಿ. ಒಂದ ಸಲ ಸಾಕು” ಎಂದೆ, ಉಸಿರು ಹಿಡಿದು.

“ಹೊಡೀತೇನಿ.” ಅವನು ಕೈ ಬಿಡಲಿಲ್ಲ. “ಭಾಗೀರಥಿ ಅವರ, ಪತಂಗಕ್ಕ ನಾನೂರ ಎಂಬತ್ತ ಅಂದ್ರಿ. ಮನಷ್ಯಾಗ ಎಷ್ಟ ಕೂಡಬೇಕ್ರಿ?”

“ಅದು ಮನಷ್ಯಾರ ಮ್ಯಾಲ ಐತ್ರಿ. ಕೆಲವರಿಗೆ ಎಪ್ಪತ್ತ ‘ಊಟ ಆತೇನ್ರಿ’ ಸಾಕಾಕ್ಕಾವು.” ಅಷ್ಟು ಹೇಳಿ ಧೈರ್ಯ ಮುಗಿಯಿತು. ಆದರೆ ಬಂದ ಮಾತು ನಿಲ್ಲಲಿಲ್ಲ. “ನಿಮ್ಮ ಮೆಸೇಜ್ ಬರದಿದ್ದರ ನನಗ ಚಹಾ ಸೇರಾಂಗಿಲ್ಲ ಬಾಳೇಶ. ಭಾಳ ದಿನಾ ಆತು ಹಿಂಗಾಗಿ. ಸಂಕ್ರಾಂತಿ ಆದಮ್ಯಾಲೆ ಆಯಿನ್ನ ಕರಕೊಂಡು ರಾಮದುರ್ಗಕ್ಕ ಬರ್ರಿ. ನಮ್ಮವ್ವ ನನ್ನ ಬಾಯಿ ಜೋರು ಅಂತ ಮೊದಲ ಹೇಳತಾಳ. ಅಂಜಬ್ಯಾಡ್ರಿ.”

“ಅದನ್ನ ಫೋನಿನ್ಯಾಗ ಕೇಳೀನ್ರಿ” ಎಂದ ಅವನು. ಅವನ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. “ಮೂರರ ನಂಬರ್ ಇನ್ನರ ಕಳಸಲೇನ್ರಿ?”

“ಕಳಸ್ರಿ. ಗೀಟ ಹೊಡದರ ನೋಡ್ರಿ ಮತ್ತ!”

ಹತ್ತಕ್ಕೆ ಆಫೀಸು ಮುಟ್ಟಿದೆ. ಉಳಿದ ಊರುಗಳಿಂದಲೂ ಪತಂಗದ ಸುದ್ದಿ ಬರತೊಡಗಿತ್ತು. ಸಿದ್ಧಾರೂಢ ಸರ್ ಎಲ್ಲ ನೋಡಿ, ಕನ್ನಡಕ ಏರಿಸಿ, “ಮುಂದಿನ ವರ್ಷ ಹದಿನೈದ ಪೆಟ್ಟಿಗಿ ಇಡಸು. ಆದರ ಬಾಗಲಕ್ಕ ಕೀಲಿ ಹಾಕಸು” ಎಂದರು. ಅಮೋಘಸಿದ್ದಪ್ಪನವರೂ ಫೋನ್ ಮಾಡಿದ್ದರು. ಹೊಡೆದ ಎಣ್ಣೆ ವ್ಯರ್ಥವಾಯಿತೆಂದು ಬೈಯಲು ಅಲ್ಲ, ಮುಂದಿನ ಪೆಟ್ಟಿಗೆ ತಮ್ಮ ಹೊಲದಲ್ಲಿಡಬೇಕೆಂದು ಕೇಳಲು. ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ತೆರೆದು ಹೊಟ್ಟೆತುಂಬ ಉಂಡೆ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಡಬ್ಬಿ ತೊಳೆದೂ ಇಟ್ಟೆ.

ಮೂರು ಗಂಟೆಗೆ ಸರಿಯಾಗಿ ಮೇಜಿನ ಮೇಲೆ ಫೋನ್ ಗುಂಯ್ ಎಂದಿತು.

“28.5. ಊಟ ಆತೇನು, ಭಾಗೀರಥಿ?”

ಮೇಡಂ ಇಲ್ಲ. ನಮಸ್ಕಾರವೂ ಇಲ್ಲ. ಬೆರಳು ಅಭ್ಯಾಸದಂತೆ ಹೆಬ್ಬೆರಳಿನ ಚಿತ್ರದ ಮೇಲೆ ಹೋಗಿತ್ತು, ಅಲ್ಲಿಂದ ತೆಗೆದೆ. ಮನಸ್ಸಿಗೆ ಬಂದದ್ದು ಬರೆಯುತ್ತೀಯಾ ಎಂದು ಆ ಮನುಷ್ಯನನ್ನು ಜರಿದವಳು ನಾನು. ಕೊನೆಗೆ ನಮ್ಮಿಬ್ಬರಲ್ಲಿ ಮೊದಲ ಸುಳ್ಳು ಬರೆದವಳೂ ನಾನೇ.

“ಇನ್ನೂ ಇಲ್ಲ. ಆಯಿಗೆ ಎರಡ ರೊಟ್ಟಿ ಹೆಚ್ಚಿಗಿ ಬಡಿಯಾಕ ಹೇಳ್ರಿ, ಬರತೇನಿ” ಎಂದು ಒತ್ತಿ, ಸ್ಕೂಟಿಯ ಕೀಲಿ ತೆಗೆದುಕೊಂಡೆ.